ಕೊಡದ ನೆಗ್ಗು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಿತ್ತಾಳೆಯ ಕೊಡವಿದೆ. ಅಟ್ಟ ಎನ್ನುವುದು ನನ್ನ ಬಾಯಿಯ ಹಳೆಯ ಅಭ್ಯಾಸ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಟ್ಟವೆಲ್ಲಿಂದ ಬರಬೇಕು? ಬಚ್ಚಲುಮನೆಯ ನೆತ್ತಿಯ ಮೇಲೆ ಕಾಂಕ್ರೀಟಿನ ಒಂದು ಗೂಡು, ಅಷ್ಟೆ. ಹಿಡಿ ಕಿತ್ತ ಪೆಟ್ಟಿಗೆ, ಮೊಮ್ಮಗಳು ಬಿಟ್ಟ ಮೂರು ಗಾಲಿಯ ಸೈಕಲ್ಲು, ಹಂಡೆ ಹೋದ ಮೇಲೂ ಹೋಗದೆ ಉಳಿದ ಹಂಡೆಯ ಮುಚ್ಚಳ, ಇವುಗಳ ಸಂಗಡ ಆ ಕೊಡವೂ ಕುಳಿತಿತ್ತು. ಹಳೆಯ ಪಾತ್ರೆಯವನು ಬೀದಿಯಲ್ಲಿ ಕೂಗಿದಾಗಲೆಲ್ಲ ನನ್ನ ಮನೆಯಾಕೆಗೆ ಅದರ ನೆನಪು ಬರುವುದು. ನಾನು ಏನಾದರೊಂದು ನೆವ ಹೇಳಿ ತಪ್ಪಿಸುವುದು. ಅಮ್ಮನ ಮದುವೆಯಲ್ಲಿ ತವರಿನವರು ಕೊಟ್ಟ ಕೊಡ. ಕಂಠದ ಕೆಳಗೆ ಅವಳ ಹೆಸರು ಕೊರೆದಿದೆ. ಅಂಥದನ್ನು ತೂಕಕ್ಕೆ ಹಾಕಲಾದೀತೆ? ನೆವವೇನೋ ಚೆನ್ನಾಗಿದೆ. ಆದರೆ ಆ ಹೆಸರಿನ ಕೊನೆಯ ಅಕ್ಷರವನ್ನು ಓದಲು ಬರುವುದಿಲ್ಲ. ಅಲ್ಲಿ ಒಂದು ನೆಗ್ಗು ಇದೆ. ಆ ನೆಗ್ಗು ಯಾರಿಂದ ಆಯಿತು ಎಂಬ ವಿಷಯದಲ್ಲಿ ನಾನು ಒಮ್ಮೆ ಒಂದು ಸುಳ್ಳು ಹೇಳಿದ್ದೆ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ತಿದ್ದಲಿಲ್ಲ.

ಇಸವಿ 1963. ನಮ್ಮ ತಂದೆಯವರು ಕಾಲುವೆಗಳ ಲೆಕ್ಕ ಬರೆಯುವ ಒಂದು ಕಚೇರಿಯಲ್ಲಿ ಗುಮಾಸ್ತರು. ಹಳೆಯ ಮೈಸೂರಿನ ಕಡೆಯವರಾದ ನಾವು ಹೊಸಪೇಟೆಗೆ ವರ್ಗವಾಗಿ ಹೋಗಿ ಎರಡು ವರ್ಷವಾಗಿತ್ತು. ತುಂಗಭದ್ರೆಯ ಅಣೆಕಟ್ಟೆ ಮುಗಿದು ಹತ್ತು ವರ್ಷ. ಊರಿಗೆ ನೀರಿನ ಸಮೃದ್ಧಿ. ಆದರೂ ನಮ್ಮ ವಠಾರಕ್ಕೆ ನೀರು ಸೇದುವ ಬಾವಿ ಒಂದೇ. ಹನ್ನೊಂದು ವರ್ಷದ ನನಗೆ ಆ ಊರಿನಲ್ಲಿ ಹಿಡಿಸಿದ್ದು ಮೂರು: ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಮತ್ತು ಪಕ್ಕದ ಮನೆಯ ಹುಡುಗ.

ಅವನ ಹೆಸರನ್ನು ಹೇಳುವುದಿಲ್ಲ. ಆಮೇಲೆ ಬೇರೊಂದು ಹೆಸರು ಇಟ್ಟುಕೊಂಡಿರಬಹುದು. ಹಾಗಿದ್ದರೆ ಹಳೆಯದನ್ನು ಹಿಡಿದು ಕರೆಯುವ ಹಕ್ಕು ನನಗಿಲ್ಲ. 'ಅವನು' ಎಂದು ಬರೆಯುತ್ತಿರುವುದೂ ಆಗ ಹಾಗೆ ಕರೆಯುತ್ತಿದ್ದೆವೆಂಬ ಒಂದೇ ಕಾರಣಕ್ಕೆ. ನನಗಿಂತ ಎರಡು ವರ್ಷ ದೊಡ್ಡವನು, ಲೆಕ್ಕದಲ್ಲಿ ನಪಾಸಾಗಿ ನನ್ನ ತರಗತಿಯಲ್ಲೇ ಕುಳಿತವನು. ಮಂಗಳವಾರ, ಶುಕ್ರವಾರ ನಮ್ಮ ಓಣಿಗೆ ಜೋಗತಿಯರು ಬರುತ್ತಿದ್ದರು. ಚೌಡಿಕೆಯ ತಂತಿ ಓಣಿಯ ಆ ಕೊನೆಯಲ್ಲಿ 'ತುಂವ್' ಎಂದರೆ ಸಾಕು, ಅವನ ಪುಸ್ತಕ ಮುಚ್ಚಿತೆಂದೇ ಲೆಕ್ಕ. ಅವರ ಹಿಂದೆ ಊರಿನ ಆಚೆಯ ತನಕ ಹೋಗಿ ಬರುವನು. ಬಂದು, ಮಧ್ಯಾಹ್ನ ಹಿರಿಯರು ಮಲಗಿದ ಹೊತ್ತಿನಲ್ಲಿ, ನಮ್ಮ ಹಿತ್ತಿಲ ಹುಣಸೆಮರದ ಕೆಳಗೆ ಕುಣಿದು ತೋರಿಸುವನು.

ಎಂಥ ಕುಣಿತ! ಅಮ್ಮನ ಹಳೆಯ ಸೀರೆಯ ತುಂಡನ್ನು ಸಿಂಬಿ ಸುತ್ತಿ, ಅದರ ಮೇಲೆ ನಮ್ಮ ಹಿತ್ತಾಳೆಯ ಕೊಡ ಇಡುವನು. ಕೊಡದಲ್ಲಿ ಅರ್ಧ ನೀರು. ನನ್ನ ತಂಗಿ ಬೆಲ್ಲದ ಡಬ್ಬಿ ಬಡಿಯುವಳು. ಕೈ ಎರಡೂ ಸೊಂಟದ ಮೇಲೆ. ಹೆಜ್ಜೆ ಎಲ್ಲೋ, ನಡು ಎಲ್ಲೋ. ಕೊಡ ಮಾತ್ರ ಇದ್ದಲ್ಲೇ ಇದೆ, ಯಾರೋ ಮೇಲಿನಿಂದ ಹಗ್ಗ ಕಟ್ಟಿ ಹಿಡಿದಂತೆ. ಕುಣಿಯುತ್ತ ಕುಣಿಯುತ್ತ ಮಂಡಿಯೂರಿ, ನೆಲದ ಮೇಲಿಟ್ಟ ಐದು ಪೈಸೆಯ ಬಿಲ್ಲೆಯನ್ನು ತುಟಿಯಿಂದ ಎತ್ತುವನು. ಎದ್ದು ನಿಂತು, ಬಿಲ್ಲೆಯನ್ನು ನಮ್ಮ ಮೇಲೆ ಉಗುಳಿ ನಗುವನು. ನಾವೂ ನಗುತ್ತಿದ್ದೆವು. ಆ ನಗುವನ್ನು ಸ್ವಲ್ಪ ವಿವರಿಸಬೇಕು. ಅದು ಗೇಲಿಯಲ್ಲ. ದೊಂಬರಾಟ ನೋಡಿದ ಆಶ್ಚರ್ಯದ ನಗುವೂ ಅಲ್ಲ. ತರಗತಿಯಲ್ಲಿ ಹೆಗಲು ಕುಗ್ಗಿಸಿ ಕೊನೆಯ ಬೆಂಚಿನಲ್ಲಿ ಕೂರುವ ಈ ಹುಡುಗನೇ ಇಲ್ಲಿ ಹೀಗೆ ಇದ್ದಾನಲ್ಲ, ಎಂಬ ಸಂತೋಷ. ಅವನಿಗಾದ ಸುಖ ನಮಗೂ ಅಂಟಿಕೊಳ್ಳುತ್ತಿತ್ತು.

ಒಂದು ದಿನ ನನಗೂ ಆಸೆಯಾಯಿತು. ಅವನೇ ಸಿಂಬಿ ಇಟ್ಟು, ಕೊಡ ಇಟ್ಟು, "ಕೊಡಾನ ನೆನಸಬ್ಯಾಡಲೇ, ಮರದ ತುದೀ ನೋಡು" ಎಂದ. ನಾನು ಕೊಡವನ್ನೇ ನೆನೆಸಿದೆ. ಎರಡನೆಯ ಹೆಜ್ಜೆಗೆ ಅದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಿತು. ಆ ಸದ್ದಿಗೆ ವಠಾರವೇ ಎದ್ದಿತು. "ಯಾರೋ ಅದು ಬೀಳಿಸಿದ್ದು?" ಎಂದು ಅಮ್ಮ ಒಳಗಿನಿಂದ ಕೂಗಿದಳು. ನಾನು ಅವನ ಹೆಸರು ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಕೊಡದ ಮಾತು ಕೊಡಕ್ಕೇ ಮುಗಿಯುತ್ತಿತ್ತೋ ಏನೋ. ಸುಳ್ಳಿಗೆ ತೂಕ ಬರಲೆಂದು, "ಜೋಗತಿಯ ಹಾಗೆ ಸೀರೆ ಸುತ್ತಿಕೊಂಡು ದಿನಾ ಕುಣಿಯುತ್ತಾನೆ" ಎಂಬ ಒಂದು ನಿಜವನ್ನೂ ಸೇರಿಸಿದೆ. ಅಮ್ಮ ನಕ್ಕುಬಿಟ್ಟಳು. ಪಡಸಾಲೆಯಲ್ಲಿದ್ದ ತಂದೆಯವರು ನಗಲಿಲ್ಲ. ಹೆಗಲಿಗೆ ವಸ್ತ್ರ ಹಾಕಿಕೊಂಡು ಪಕ್ಕದ ಮನೆಗೆ ಹೋದರು. ಹಿರಿಯರು ಹಿರಿಯರಿಗೆ ಹೇಳುವ ಮಾತನ್ನು ಹೇಳಿ ಬಂದರು.

ಆ ರಾತ್ರಿ ಅವನನ್ನು ಹೊಡೆದದ್ದು ಅದೇ ಹುಣಸೆಮರದ ಬರಲಿನಿಂದ. ಗೋಡೆ ಒಂದೇ; ಒಂದೊಂದು ಏಟೂ ಕೇಳಿಸಿತು. ಬೆಳಗ್ಗೆ ಅವನ ತಲೆ ಬೋಳಿಸಿ, ಯಾರೋ ಸೋದರಮಾವನ ಊರಿಗೆ ಬಸ್ಸು ಹತ್ತಿಸಿದರು. ಅಲ್ಲಿಂದಲೂ ಓಡಿಹೋದನೆಂಬ ಸುದ್ದಿ ಮುಂದಿನ ವರ್ಷ ಬಂತು. ಆಮೇಲೆ ಯಾವ ಸುದ್ದಿಯೂ ಇಲ್ಲ. ಅಮ್ಮ ನೆಗ್ಗು ಗೋಡೆಯ ಕಡೆಗೆ ಬರುವಂತೆ ಕೊಡವನ್ನು ತಿರುಗಿಸಿ ಇಡತೊಡಗಿದಳು.

1968ರಲ್ಲಿ ತಂದೆಯವರಿಗೆ ಬೆಂಗಳೂರಿಗೆ ವರ್ಗವಾಯಿತು. ಮರುವರ್ಷದ ಚೈತ್ರದ ಹುಣ್ಣಿಮೆಗೆ ನಮ್ಮನ್ನೆಲ್ಲ ತಿಗಳರಪೇಟೆಗೆ ಕರಗ ನೋಡಲು ಕರೆದುಕೊಂಡು ಹೋದರು. ನಡುರಾತ್ರಿ ದಾಟಿದ ಮೇಲೆ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗ ಹೊರಟಿತು. ಹೊತ್ತವರು ಗಂಡಸು, ಉಟ್ಟದ್ದು ಸೀರೆ, ಕೈಗೆ ಬಳೆ, ಕೊರಳಿಗೆ ತಾಳಿ, ತಲೆಯ ಮೇಲೆ ಮಲ್ಲಿಗೆಯ ಗೋಪುರ. ಕೈಯಿಂದ ಮುಟ್ಟದೆ, ಓಡುತ್ತ ಕುಣಿಯುತ್ತ ದ್ರೌಪದಿಯೇ ಬಂದಂತೆ ಬಂದರು. ಮುತ್ತಿಕೊಂಡ ಜನ ಗೋವಿಂದ ಎಂದು ಕೂಗಿದರು. ನಮ್ಮ ತಂದೆಯವರ ಕಣ್ಣಿನಲ್ಲಿ ನೀರು. ಹದಿನೇಳು ವರ್ಷದ ನಾನು ತಡೆಯಲಾರದೆ, "ಅಣ್ಣ, ಇವರೂ ಸೀರೆ ಉಟ್ಟು ಕೊಡ ಹೊತ್ತಿದ್ದಾರಲ್ಲ" ಎಂದೆ. "ಮೂರ್ಖ, ಇದು ದೇವರು" ಎಂದರು. ಅವನ ಕೊಡದಲ್ಲೂ ದೇವರೇ ಇದ್ದಳಲ್ಲ ಎನ್ನುವಷ್ಟು ಧೈರ್ಯ ನನಗೆ ಬರಲಿಲ್ಲ.

ತಂದೆಯವರನ್ನು ದೂರಿ ಫಲವಿಲ್ಲ. ನಾವೆಲ್ಲ ಹೀಗೆಯೇ. ಕಂಪೆನಿ ನಾಟಕದಲ್ಲಿ ಗಂಡಸು ಹೆಣ್ಣಾಗಿ ಬಂದರೆ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತೇವೆ. ಯಕ್ಷಗಾನದ ಸ್ತ್ರೀವೇಷದ ಸೊಗಸನ್ನು ಮರುದಿನ ಕಚೇರಿಯಲ್ಲಿ ವರ್ಣಿಸುತ್ತೇವೆ. 'ಆಟ' ಎಂಬ ಮಾತೇ ನಮ್ಮದು. ಮಕ್ಕಳು ಆಡುವುದೂ ಆಟ, ದೊಡ್ಡವರು ರಾತ್ರಿಯಿಡೀ ಬಣ್ಣ ಹಚ್ಚಿಕೊಂಡು ಆಡುವುದೂ ಆಟ. ಬೆಳಗಾಗುತ್ತಲೂ ಬಣ್ಣ ತೊಳೆದುಕೊಳ್ಳಬೇಕೆಂಬುದು ನಾವು ಹಾಕಿದ ಕರಾರು. ತೊಳೆದುಕೊಳ್ಳಲು ಬಣ್ಣವೇ ಇಲ್ಲದವರು, ಅದೇ ತಮ್ಮ ನಿಜವಾದ ಮುಖವೆನ್ನುವವರು ಎದುರಿಗೆ ಬಂದರೆ ಕಿಟಕಿಯ ಗಾಜು ಏರಿಸುತ್ತೇವೆ. ನಾನೂ ಎಷ್ಟೋ ಸಲ ಏರಿಸಿದ್ದೇನೆ.

ಮುಂದೆ ಉದ್ಯೋಗ, ಮದುವೆ, ಮಕ್ಕಳು, ನಿವೃತ್ತಿ. ಇವುಗಳ ಕಥೆ ಎಲ್ಲರದೂ ಒಂದೇ, ಬಿಡಿ.

2021ರ ನವೆಂಬರಿನಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತಿದ್ದೆ. ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿಗಳ ಸಮಾರಂಭ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಹೆಸರು ಕೂಗಿದರು. ಸೀರೆಯುಟ್ಟ ಎತ್ತರದ ಮೈಕಟ್ಟು, ಹಣೆಯ ತುಂಬ ಕುಂಕುಮ. ನೇರವಾಗಿ ಹೋಗಿ ಪದಕ ತೆಗೆದುಕೊಳ್ಳುವ ಬದಲು, ರಾಷ್ಟ್ರಪತಿಗಳ ಎದುರಿಗೆ ನಿಂತು ಸೆರಗು ಹಿಡಿದು ಅವರಿಗೆ ದೃಷ್ಟಿ ತೆಗೆದರು. ರಾಮನಾಥ ಕೋವಿಂದರು ನಕ್ಕರು. ಸಭೆ ಚಪ್ಪಾಳೆ ತಟ್ಟಿತು. ದೇಶದ ಪ್ರಥಮ ಪ್ರಜೆಗೆ ಕೆಟ್ಟ ಕಣ್ಣು ತಾಗದಿರಲೆಂದು ನಿವಾಳಿಸುವ ಹಿರಿತನ ತಮ್ಮದೆಂದು ಅವರು ಎಷ್ಟು ಸಹಜವಾಗಿ ತಿಳಿದುಕೊಂಡರೆಂದರೆ, ಕೊಡುವವರು ಯಾರು, ಪಡೆಯುವವರು ಯಾರು ಎಂಬುದೇ ಒಂದು ನಿಮಿಷ ಗೊತ್ತಾಗಲಿಲ್ಲ.

ನನ್ನ ಬಾಯಿಂದ "ಅಯ್ಯೋ ಪಾಪ" ಎಂದು ಬಂತು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು, "ಪಾಪ ಯಾಕೆ ತಾತ? ಅವರು ನಗುತ್ತಿದ್ದಾರಲ್ಲ" ಎಂದಳು.

ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಮಂಜಮ್ಮನವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು' ತರಿಸಿ ಓದಿದೆ. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿಯವರು ಬರಹಕ್ಕೆ ಇಳಿಸಿದ್ದಾರೆ. ಪಾಪವೆನ್ನಲು ಬೇಕಾದಷ್ಟು ಸಾಮಗ್ರಿ ಅವರ ಬಾಳಿನಲ್ಲಿದೆ: ಮನೆಯವರು ದೂರ ಮಾಡಿದ್ದು, ವಿಷ ಕುಡಿದದ್ದು, ಭಿಕ್ಷೆ, ದಾರಿಯಲ್ಲಿ ಹಾಯ್ದುಬಿದ್ದ ಗಂಡಸರು. ಆದರೆ ಬಾಳು ತಿರುಗಿದ್ದು ಯಾರೋ ಕನಿಕರ ತೋರಿಸಿದ್ದರಿಂದಲ್ಲ. ದಾವಣಗೆರೆಯಲ್ಲಿ ತಂದೆ ಹಾಡುತ್ತ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡು, ಇದನ್ನು ಕಲಿಯಬೇಕೆಂದು ಆಸೆಪಟ್ಟದ್ದರಿಂದ. ಆಮೇಲೆ ಕಾಳವ್ವ ಜೋಗತಿಯವರ ಮೇಳ. ಅವರ ತರುವಾಯ ಮೇಳದ ಯಜಮಾನಿಕೆ. ಗುಡಿಯ ಮುಂದಿನ ಕುಣಿತವನ್ನು ರಂಗದ ಮೇಲೆ ತಂದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿ. ಓದುತ್ತ ಓದುತ್ತ ನನ್ನ ಕಣ್ಣ ಮುಂದೆ ನಮ್ಮ ಹಿತ್ತಿಲೇ ಇತ್ತು. ಅವನು ಮಂಜಮ್ಮನವರಲ್ಲ, ವಯಸ್ಸು ಹೊಂದುವುದಿಲ್ಲ, ಊರು ಬೇರೆ. ಆದರೂ ಪುಟ ತಿರುಗಿಸುವಾಗ ಅವನ ಹೆಸರು ಎಲ್ಲಾದರೂ ಬಂದೀತೇ ಎಂದು ಹುಡುಕುತ್ತಿದ್ದೆ.

2023ರ ಜುಲೈ ತಿಂಗಳಿನಲ್ಲಿ ವರ್ತಮಾನ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಹೈದರಾಬಾದು ಸಂಸ್ಥಾನದ 1329ನೆಯ ಫಸಲಿಯ, ಎಂದರೆ 1919ರ ಸುಮಾರಿನ ಒಂದು ಕಾಯಿದೆಯನ್ನು ತೆಲಂಗಾಣದ ಹೈಕೋರ್ಟು ತಳ್ಳಿಹಾಕಿದೆ ಎಂದು. ವಕೀಲನಾದ ನನ್ನ ಸೋದರಳಿಯನನ್ನು ಕೇಳಿದೆ. ಅವನು ಬಿಡಿಸಿ ಹೇಳಿದ. ಹಿಜಡಾಗಳ ಪಟ್ಟಿಯೊಂದನ್ನು ಸರ್ಕಾರ ಇಡಬೇಕು. ಪಟ್ಟಿಗೆ ಸೇರಿದವರು ಹೆಣ್ಣಿನ ಉಡುಗೆ ಒಡವೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ, ವಾರಂಟಿಲ್ಲದೆ ಹಿಡಿಯಬಹುದು; ಎರಡು ವರ್ಷದವರೆಗೆ ಸೆರೆ. ಇದರ ತಾಯಿಬೇರು ಬ್ರಿಟಿಷರು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿತ್ತು. ನಿಜಾಮರ ಸಂಸ್ಥಾನವೆಂದರೆ ಬರಿಯ ಹೈದರಾಬಾದಲ್ಲ. ನಮ್ಮ ಬೀದರ, ಕಲಬುರ್ಗಿ, ರಾಯಚೂರು, ಕೊಪ್ಪಳಗಳೂ ಅದರೊಳಗೇ ಇದ್ದವು. ತುಂಗಭದ್ರೆಯ ಈಚೆ ದಡದ ಹೊಸಪೇಟೆ ಮದರಾಸಿನದು. ಆಚೆ ದಡದ ಹುಲಿಗಿ ನಿಜಾಮರದು.

ಈ ಕಾಯಿದೆಯನ್ನು ಕೇಳಿದಾಗ ನನಗೆ ಒಂದು ವಿಷಯ ಹೊಳೆಯಿತು. ಇವರು ಅಳಬಾರದೆಂದು ಯಾವ ಸರ್ಕಾರವೂ ಕಾಯಿದೆ ಮಾಡಿದ್ದನ್ನು ನಾನು ಕೇಳಿಲ್ಲ. ಅತ್ತುಕೊಂಡಿದ್ದರೆ ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಇದ್ದದ್ದು ಬಳೆಗೆ, ಹಾಡಿಗೆ, ಹೆಜ್ಜೆಗೆ. ಕುಣಿತವೆಂದರೆ ಕಷ್ಟ ಮರೆಯಲು ಮಾಡುವ ಒಂದು ಉಪಾಯವೆಂದೇ ನಾನು ತಿಳಿದಿದ್ದೆ. ದೊರೆಗಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅದನ್ನೇ ಹಿಡಿದು ಕಾಯಿದೆ ಬರೆದರು. ನಮ್ಮ ವಠಾರದಲ್ಲೂ ಅಷ್ಟೇ ತಾನೆ? ಕೊನೆಯ ಬೆಂಚಿನಲ್ಲಿ ಕುಗ್ಗಿ ಕುಳಿತಾಗ ಅವನನ್ನು ಯಾರೂ ಹೊಡೆಯಲಿಲ್ಲ.

ದೊರೆಗಳ ಕಾಲ ಮುಗಿಯಿತೆಂದು ಬೀಗಬೇಕಾಗಿಲ್ಲ. ನಮ್ಮದೇ ರಾಜ್ಯದ ಪೋಲೀಸು ಕಾಯಿದೆಗೆ 2011ರಲ್ಲಿ ಇದೇ ಜಾಡಿನ ಒಂದು ಕಲಮು, 36-ಎ ಎಂಬುದನ್ನು, ಸೇರಿಸಿದ್ದರು. ತಕರಾರು ಎದ್ದ ಮೇಲೆ ಅದರ ಮಾತನ್ನು ತಿದ್ದಿದರು. 2014ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇವರು ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳಬಹುದೆಂದು ತೀರ್ಪು ಕೊಟ್ಟಿತು. ಆದರೆ ತೀರ್ಪಿಗಾಗಿ ಇವರು ಕಾದು ಕೂರಲಿಲ್ಲ. ಬೆಂಗಳೂರಿನ ಬೀದಿಯಲ್ಲಿ 2008ರಿಂದ ತಮಟೆ ಬಡಿದು ಕುಣಿಯುತ್ತ ಮೆರವಣಿಗೆ ಹೋಗುತ್ತಿದ್ದಾರೆ. 2016ರಲ್ಲಿ ಇಲ್ಲೇ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟಿನವರು ಊರಿನ ಗೋಡೆಗಳ ಮೇಲೆ ಆನೆಯಷ್ಟು ದೊಡ್ಡ ಮುಖಗಳನ್ನು ಬರೆದಿದ್ದಾರೆ, ದಾಸವಾಳದ ಕೆಂಪು, ಗಿಳಿಯ ಹಸಿರು. ತಲೆ ತಗ್ಗಿಸಿ ನಡೆಯಬೇಕಾಗಿದ್ದ ಬೀದಿಯಲ್ಲಿ ನಾವು ತಲೆಯೆತ್ತಿ ನೋಡುವಂತೆ ಮಾಡುವುದೆಂದರೆ ಸಣ್ಣ ಚೇಷ್ಟೆಯಲ್ಲ. 2024ರಲ್ಲಿ ವೆನಿಸ್ ನಗರದ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲೂ ಅವರು ಒಂದು ಗೋಡೆಗೆ ಬಣ್ಣ ಹಚ್ಚಿದರು.

ಹೋದ ವರ್ಷ ತಂಗಿಯ ಮಗಳದೊಂದು ಹರಕೆ ತೀರಿಸಲು ಹುಲಿಗಿಗೆ ಹೋಗಬೇಕಾಯಿತು. ಬೇಸಿಗೆ, ಹುಲಿಗೆಮ್ಮನ ಗುಡಿಯ ಸುತ್ತ ಜನವೋ ಜನ. ಭಂಡಾರದ ಧೂಳಿಗೆ ಬಿಸಿಲೇ ಅರಿಸಿನವಾಗಿತ್ತು. 'ಉಧೋ ಉಧೋ' ಎಂಬ ಕೂಗಿನ ನಡುವೆ, ಅರವತ್ತು ವರ್ಷದ ಮೇಲೆ, ಚೌಡಿಕೆಯ 'ತುಂವ್' ಕೇಳಿಸಿತು. ಕಾಲು ತಾನಾಗಿಯೇ ಅತ್ತ ಹೋಯಿತು.

ಬೇವಿನಮರದ ಕೆಳಗೆ ಆರೇಳು ಜನ ಜೋಗತಿಯರು. ಒಬ್ಬಳು ಎಲ್ಲಮ್ಮನ ಕಥೆ ಹಾಡುತ್ತಿದ್ದಳು. ಕಥೆ ನಿಮಗೆ ಗೊತ್ತಿರುವುದೇ. ರೇಣುಕೆ ದಿನವೂ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ನೀರು ತರುವಳು. ಒಂದು ದಿನ ಹೊಳೆಯಲ್ಲಿ ಗಂಧರ್ವರು ನೀರಾಟ ಆಡುವುದನ್ನು ಕಂಡಳು. ಮನಸ್ಸು ಒಂದು ಗಳಿಗೆ ಅರಳಿತು. ಮರಳಿನ ಕೊಡ ಕುಸಿಯಿತು. ಮುಂದೆ ಜಮದಗ್ನಿಯ ಕೋಪ, ಪರಶುರಾಮನ ಕೊಡಲಿ. ಚಿಕ್ಕಂದಿನಿಂದ ಕೇಳಿದ ಕಥೆ; ಪತಿವ್ರತೆಯ ಕಥೆಯೆಂದೇ ಕೇಳಿದ್ದೆ. ಅಂದು ಆ ಬಿಸಿಲಿನಲ್ಲಿ ನಿಂತಾಗ ಬೇರೆಯದೇ ಕಂಡಿತು. ಇನ್ನೊಬ್ಬರ ಆಟ ನೋಡಿ ಸಂತೋಷಪಟ್ಟಳೆಂಬುದಕ್ಕೆ ಕೆಟ್ಟ ಕೊಡವದು. ಎದುರಿಗೆ ಇವಳು ಕುಣಿಯುತ್ತಿದ್ದಾಳೆ: ದೇವಿಯ ಹಿತ್ತಾಳೆಯ ಮುಖ ಕಟ್ಟಿದ, ಬೇವಿನ ಸೊಪ್ಪು ಸುತ್ತಿದ ಕೊಡವನ್ನು ಹೊತ್ತು, ಕೈಬಿಟ್ಟು, ನಡು ಕುಲುಕಿ, ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತಿ, ನೋಟು ಇಟ್ಟವನಿಗೆ ಕಣ್ಣು ಹೊಡೆದು. ಆಟವೂ ನಡೆದಿದೆ, ಕೊಡವೂ ಬಿದ್ದಿಲ್ಲ.

ಅಲ್ಲಿ ಎಲ್ಲವೂ ಚೆಂದವೆಂದು ನಾನು ಹೇಳುತ್ತಿಲ್ಲ. ಮುತ್ತು ಕಟ್ಟುವ ಹೆಸರಿನಲ್ಲಿ ಎಷ್ಟು ಎಳೆಯ ಹೆಣ್ಣುಮಕ್ಕಳ ಬಾಳು ಹಾಳಾಯಿತೆಂಬುದು, ಅದಕ್ಕಾಗಿ 1982ರಲ್ಲಿ ದೇವದಾಸಿ ನಿಷೇಧದ ಕಾಯಿದೆ ಬರಬೇಕಾಯಿತೆಂಬುದು ಗೊತ್ತಿರುವುದೇ. ಜೋಗತಿಯರಿಗೂ ಆಟ ಮುಗಿದ ಮೇಲೆ ತಿರುಪೆಯೇ ಗತಿ. ಅದೆಲ್ಲ ನೆನಪಾಗಿ, ಅವಳು ಪಡ್ಡಲಗಿ ಹಿಡಿದು ನನ್ನ ಮುಂದೆ ಬಂದಾಗ ನಾನು ಮುಖ ಬಾಡಿಸಿಕೊಂಡು ನೂರರ ಒಂದು ನೋಟು ನೀಡಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಯಾಕ್ರೀ ಯಜಮಾನ್ರ, ಯಾರರ ತೀರ್ಕೊಂಡಾರನು?"

"ಇಲ್ಲವಲ್ಲ."

"ಮತ್ತ ಮಣ್ಣಿಗೆ ಬಂದೋರಂಗ ಮಾರಿ ಮಾಡ್ಕೊಂಡು ಕೊಡಾಕತ್ತೀರಿ? ಇಂಥಾ ರೊಕ್ಕ ನನಗ ಬ್ಯಾಡ. ನಕ್ಕು ಕೊಡ್ರಿ, ಇಸ್ಕೊಂತೀನಿ."

ಸುತ್ತಲಿನವರು ನಕ್ಕರು. ನನಗೂ ನಗು ಬಂತು. ಅಷ್ಟರಲ್ಲಿ ಅವಳು ತನ್ನ ತಲೆಯ ಮೇಲಿನ ಸಿಂಬಿಯನ್ನು ನನ್ನ ಬೋಳುತಲೆಯ ಮೇಲಿಟ್ಟು, ಪಕ್ಕದವಳ ಕೈಯಲ್ಲಿದ್ದ ಬರಿ ಕೊಡವನ್ನು ಅದರ ಮೇಲಿಟ್ಟೇಬಿಟ್ಟಳು. "ಕೊಡಾನ ನೆನಸಬ್ಯಾಡ್ರಿ. ಗುಡೀ ಕಳಸ ನೋಡ್ರಿ" ಎಂದಳು.

ಆ ಮಾತಿಗೆ ನನ್ನ ಎದೆ ಝಲ್ಲೆಂದಿತು. ಅವಳ ಮುಖ ನೋಡಿದೆ. ಅರವತ್ತು ಇರಬಹುದು, ಎಪ್ಪತ್ತೂ ಇರಬಹುದು. ಅರಿಸಿನದ ಕೆಳಗೆ ಏನೂ ಗುರುತು ಸಿಕ್ಕುವಂತಿರಲಿಲ್ಲ. ಕೊಡ ಕಲಿಸುವವರೆಲ್ಲ ಹೇಳುವ ಮಾತೇ ಅದಿದ್ದೀತು. ಆದರೂ ಹೊತ್ತು ಇಳಿದ ಮೇಲೆ ಚಹದ ಅಂಗಡಿಯ ಹತ್ತಿರ ಅವರನ್ನು ಹುಡುಕಿಕೊಂಡು ಹೋದೆ. ಹೊಸಪೇಟೆಯ ವಠಾರ, ಹುಣಸೆಮರ, ಕೊಡ, ನನ್ನ ಸುಳ್ಳು, ಎಲ್ಲವನ್ನೂ ಹೇಳಿದೆ. ನನ್ನ ಮನೆಯಾಕೆಗೂ ಅದುವರೆಗೆ ಹೇಳಿರಲಿಲ್ಲ. ಅವಳು ಎಲೆಗೆ ಸುಣ್ಣ ಸವರುತ್ತ ಕೇಳಿದಳು. ಮುಗಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ತಟ್ಟನೆ ಕೂಗಿದಳು:

"ಏ, ಬರ್ರೇ ಇಲ್ಲಿ! ಅರವತ್ತು ವರ್ಷದ ಕಳ್ಳ ಸಿಕ್ಕಾನ. ಪಂಚಾಯ್ತಿ ಕೂಡ್ರಿಸ್ರಿ!"

ಪಂಚಾಯ್ತಿ ಕೂಡಿಯೇಬಿಟ್ಟಿತು. ದಪ್ಪಗಿದ್ದ ಒಬ್ಬಳು ಟವಲನ್ನು ರುಮಾಲು ಸುತ್ತಿ ಗೌಡನಾದಳು, ಮೀಸೆಯಿಲ್ಲದಿದ್ದರೂ ತಿರುವಿದಳು. ಕೊಡವನ್ನು ಸಾಕ್ಷಿಕಟ್ಟೆಗೆ ತಂದರು. "ನಿನ್ನ ಕೆಡವಿದಾಂವ ಯಾರು, ಖರೇ ಹೇಳು" ಎಂದು ಗೌಡ ಗದರಿಸಿದರೆ, ಒಬ್ಬ ಎಳೆಯ ಜೋಗತಿ ಕೊಡದ ಬಾಯಿಗೆ ಬಾಯಿಟ್ಟು 'ಇಂವನs' ಎಂದು ಗೊಗ್ಗರು ದನಿ ತೆಗೆದಳು. ಚಹದ ಅಂಗಡಿಯವನೂ ಒಲೆ ಬಿಟ್ಟು ಬಂದ. ನನ್ನ ಪರವಾಗಿ ವಕೀಲಳಾಗಿ ನಿಂತವಳು, "ಕೂಸು ಇತ್ತು, ತಿಳೀಲಿಲ್ಲ" ಎಂದು ವಾದಿಸಿದಳು. "ಕೂಸಿಗೆ ಸುಳ್ಳು ಹೇಳಾಕ ತಿಳೀತನು?" ಎಂದ ಗೌಡ. ನನ್ನ ಬಳಿ ಉತ್ತರವಿರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ, ನಗುತ್ತಿದ್ದಂತೆಯೇ ನನ್ನ ಕನ್ನಡಕ ಮಂಜಾಯಿತು. ತೀರ್ಪು: ಎಲ್ಲರಿಗೂ ಚಹ, ಅರವತ್ತು ವರ್ಷದ ಬಡ್ಡಿಗೆ ಮೆಣಸಿನಕಾಯಿ ಬಜ್ಜಿ, ಮತ್ತು ಅಪರಾಧಿ ಒಂದು ಸುತ್ತು ಕುಣಿಯತಕ್ಕದ್ದು. ಕುಣಿದೆ. ಎಪ್ಪತ್ತು ದಾಟಿದ ನಿವೃತ್ತ ಅಧಿಕಾರಿ ಕುಣಿದದ್ದನ್ನು ವರ್ಣಿಸದೆ ಬಿಡುವುದೇ ಮೇಲು.

ಬಜ್ಜಿ ಮುಗಿದ ಮೇಲೆ ಅವಳು ಬಾಯಿ ಮುಕ್ಕಳಿಸಿ ಬಂದು ನನ್ನ ಪಕ್ಕ ಕುಳಿತಳು. "ನಮ್ಮಪ್ಪನೂ ನನ್ನ ತಲಿ ಬೋಳಸಿದ್ದ್ರಿ. ಈಗ ನೋಡ್ರಿ" ಎಂದು ಚವರಿ ಹಾಕಿದ ಜಡೆಯನ್ನು ಮುಂದಕ್ಕೆ ಎಳೆದು ತೋರಿಸಿದಳು; ಮಂಡಿಯ ತನಕ ಇತ್ತು. ಆಮೇಲೆ ದನಿ ಇಳಿಸಿ, "ನಿಮ್ಮಾಕಿ ಎಲ್ಲಿ ಅದಾಳ ನನಗ ಗೊತ್ತಿಲ್ರಿ. ಭಾಳ ಮಂದಿ ದಾರ್‍ಯಾಗನ ಸತ್ತಾರ. ಇದ್ದರ ಮಾತ್ರ ಕುಣದಿರ್ತಾಳ" ಎಂದಳು.

ನಿಮ್ಮಾಕಿ, ಅದಾಳ, ಕುಣದಿರ್ತಾಳ. ಅರವತ್ತು ವರ್ಷದಲ್ಲಿ ಅವನನ್ನು, ಅಲ್ಲ, ಅವಳನ್ನು ಹಾಗೆ ಕರೆದವರನ್ನು ನಾನು ಅಂದೇ ಕಂಡದ್ದು.

ಊರಿಗೆ ಬಂದ ಮೂರನೆಯ ದಿನ ಮೇಜಿನ ಮೇಲೆ ಸ್ಟೂಲು ಇಟ್ಟು ಅಟ್ಟದಿಂದ ಕೊಡ ಇಳಿಸಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಮನೆಯಾಕೆ, ಕೊನೆಗೂ ಪಾತ್ರೆಯವನಿಗೆ ಕೊಡುವ ಬುದ್ಧಿ ಬಂತೆಂದು ಸಂತೋಷಪಟ್ಟು ಅಡಿಗೆಮನೆಗೆ ಹೋದಳು. ಮೊಮ್ಮಗಳು ಶಾಲೆಯಿಂದ ಬಂದವಳು, "ಇದನ್ನೇನು ಮಾಡುತ್ತೀ ತಾತ?" ಎಂದಳು. ಕೋಣೆಯ ಬಾಗಿಲು ಮುಂದೆ ಮಾಡಿ, ನನ್ನ ಹಳೆಯ ಪಂಚೆಯನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ. ಅವಳು ಕೊಡ ಎತ್ತಿಕೊಟ್ಟಳು. ಕಿಟಕಿಯಾಚೆ ಎದುರು ಕಟ್ಟಡದ ನೀರಿನ ತೊಟ್ಟಿಯನ್ನು ನೋಡುತ್ತ ಒಂದು ಹೆಜ್ಜೆ, ಎರಡು ಹೆ‌ಜ್ಜೆ, ಮೂರನೆಯದೂ ಆಯಿತು. ಅವಳು ಚಪ್ಪಾಳೆ ತಟ್ಟಿ ನಕ್ಕಳು. ನಾನು ಅವಳ ಕಡೆ ತಿರುಗಿದೆ.

ಆ ಸದ್ದಿಗೆ ಕೆಳಗಿನ ಮನೆಯ ನಾಯಿ ಬೊಗಳಿತು.

"ಯಾರದು ಬೀಳಿಸಿದ್ದು?" ಎಂದು ಅಡಿಗೆಮನೆಯಿಂದ ಕೂಗು ಬಂತು. ಮೊಮ್ಮಗಳು ನನ್ನ ಮುಖ ನೋಡಿದಳು.

"ನಾನೇ" ಎಂದೆ.